ಕರಗಿಹೋದ ಸರ

ಮಾರ್ಚ್ 4, ಮಂಗಳವಾರ

ಇವತ್ತೂ ವರ್ಕ್‌ಶಾಪ್‌ನಲ್ಲಿ ಬುಟ್ಟಿಗಟ್ಟಲೆ ಹಿತ್ತಾಳೆ ಚಿಲಕಗಳು. ನೈಟ್ರಿಕ್ ಆಸಿಡ್‌ನಲ್ಲಿ ಒಂದು ಮುಳುಗು, ತಕ್ಷಣ ನೀರಿಗೆ — ಹೊಸ ಮದುಮಗಳ ಹಾಗೆ ಮಿಂಚುತ್ತವೆ. ಮಾಲೀಕರೇ ಅಂದರು, ‘ನಿನ್ನ ಕೈ ಯಾರಿಗೂ ಬರಲ್ಲ ಕಣಯ್ಯ.’ ಸುಳ್ಳೇನಲ್ಲ.

ನನ್ನಾಕೆ ಅಣ್ಣನ ಮನೆಗೆ ಹೋಗಿದ್ದಾಳೆ, ಭಾನುವಾರ ಬರುತ್ತಾಳೆ. ಅವಳಮ್ಮನ ಬೆಳ್ಳಿ ಸರ ಕಪ್ಪಾಗಿ ಬಿದ್ದಿದೆ. ನಾಳೆ ಅದಕ್ಕೂ ಒಂದು ಮುಳುಗು. ಬಂದವಳು ಬೆರಗಾಗಬೇಕು!

ಮಾರ್ಚ್ 5, ಮಧ್ಯಾಹ್ನ

ಸರ ಇಲ್ಲ.

ಗಾಜಿನ ಜಾಡಿಯಲ್ಲಿ ಆಸಿಡ್ ತೆಗೆದುಕೊಂಡು, ಹತ್ತಿ ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಆಸಿಡ್ ದಾರವನ್ನೇ ತಿಂದುಹಾಕಿತು, ಸರ ತಳ ಸೇರಿತು. ಇಕ್ಕಳ ತರಲು ಹೋದರೆ ಬಾಗಿಲಲ್ಲಿ ವೆಲ್ಡರ್ ಸಿಕ್ಕ. ನನ್ನ ಕೈಗುಣದ ಬಗ್ಗೆ ಕೊಂಚ ಮಾತು. ಕೊಂಚವೇ... ವಾಪಸ್ ಬಂದರೆ ಕಂದು ಹೊಗೆ, ತಿಳಿನೀಲಿ ನೀರು. ಸರದ ಕೊಕ್ಕೆಯೂ ಉಳಿದಿಲ್ಲ.

ಅತ್ತೆ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅದೊಂದೇ.

ಕಳ್ಳ ಬಂದಿದ್ದ ಅನ್ನಲೇ? ಜಾಡಿ ಚರಂಡಿಗೆ ಸುರಿಯಲು ಎತ್ತಿದೆ. ಕೈ ಬರಲಿಲ್ಲ.

ಮಾರ್ಚ್ 7, ಸಂಜೆ

ಅಕ್ಕನ ಮಗಳನ್ನು ಕರೆಸಿದೆ. ಕಾಲೇಜಲ್ಲಿ ಕೆಮಿಸ್ಟ್ರಿ ಓದುವವಳು.

‘ಚೆಲ್ಲಿಲ್ಲ ತಾನೆ ಮಾಮ?’

‘ಇಲ್ಲ ಕಣೆ.’

‘ಹಾಗಾದ್ರೆ ಬೆಳ್ಳಿ ಎಲ್ಲೂ ಹೋಗಿಲ್ಲ.’

ಜಾಡಿಯಿಂದ ಒಂದು ತೊಟ್ಟು ತೆಗೆದು ಉಪ್ಪುನೀರು ಬೆರೆಸಿದಳು. ಹಾಲು ಒಡೆದ ಹಾಗೆ ಬಿಳಿ ಗಸಿ! ‘ನೋಡಿ, ಇದೆ.’ ಜಾಡಿಯದನ್ನು ತೆಳು ಮಾಡಬೇಕೆಂದಳು. ನಾನು ಜಾಡಿಗೆ ನೀರಿನ ಚೊಂಬು ಬಗ್ಗಿಸಿದ್ದೇ ತಡ, ಕೈ ಹಿಡಿದಳು.

‘ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರಲ್ಲ! ಇಷ್ಟು ವರ್ಷ ಹೇಗೆ ಬದುಕಿದ್ರಿ?’

‘ಗತ್ತಿನಿಂದ.’

ಆಮೇಲೆ ತಾಮ್ರದ ತಂತಿ ಇಳಿಸಿದಳು. ತಂತಿಗೆ ಬೂದುಬಣ್ಣದ ಪಾಚಿ ಹಬ್ಬಿತು, ನೀರು ನೀಲಿಯೇರಿತು. ತಾಮ್ರ ಕರಗುತ್ತಿದೆಯಂತೆ, ಬೆಳ್ಳಿ ಹೊರಬರುತ್ತಿದೆಯಂತೆ. ಬಸ್ಸಿನಲ್ಲಿ ಒಬ್ಬ ಎದ್ದು ಇನ್ನೊಬ್ಬನಿಗೆ ಸೀಟು ಬಿಟ್ಟ ಹಾಗೆ. ಬಾಯಿ ಮುಚ್ಚಿ ನೋಡಿದೆ. ನಾನು!

ಮಾರ್ಚ್ 8

ತಂತಿಯಿಂದ ಉದುರಿಸಿದ ಬೂದು ಪುಡಿ ತೊಳೆದು ಒಣಗಿಸಿ ಅಕ್ಕಸಾಲಿಗನಿಗೆ ಕೊಟ್ಟೆವು. ಉಳಿದ ನೀಲಿ ನೀರಿಗೆ ಅವಳು ವಾಷಿಂಗ್ ಸೋಡಾ ಹಾಕುತ್ತಾ ಹೋದಳು — ಬುಸ್ಸೆಂದು ನೊರೆ. ನೊರೆ ನಿಂತಿತು. ‘ಈಗ ಕಚ್ಚಲ್ಲ.’

ಅಕ್ಕಸಾಲಿಗನ ಕುಲುಮೆಯಲ್ಲಿ, ಮೂಸೆಯೊಳಗೆ ಬೂದು ಪುಡಿ ಕೆಂಪಗೆ ಕಾದು, ಸಟ್ಟನೆ ದುಂಡಗಾಯಿತು. ಹೊಳೆಯುವ ಉಂಡೆ. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ, ಅಂದೆ.

ಮಾರ್ಚ್ 9, ಭಾನುವಾರ

ನನ್ನಾಕೆ ಬಂದಳು. ಉಂಡೆ ಅವಳ ಅಂಗೈಯಲ್ಲಿಟ್ಟೆ. ಸರ ಕರಗಿದ್ದು, ಬೆಳ್ಳಿ ವಾಪಸ್ ಬಂದದ್ದು ಹೇಳಿದೆ. ತುಂಬ ಹೊತ್ತು ಮುಷ್ಟಿ ಬಿಡಿಸಲಿಲ್ಲ.

‘ಉಳಿಸಿದ್ದು ಯಾರು?’

‘ನಾನು’ ಎಂಬುದು ನಾಲಿಗೆ ತುದಿಗೆ ಬಂದಿತ್ತು. ಅಕ್ಕನ ಮಗಳು ನೆಲ ನೋಡುತ್ತಿದ್ದಳು.

‘ಇವಳು. ಕರಗಿಸಿದ್ದು ಮಾತ್ರ ನಾನು.’

‘ಅದನ್ನ ಬೇರೆ ಹೇಳ್ಬೇಕಾ!’

ಸಂಜೆಯವರೆಗೂ ನನ್ನ ಜೊತೆ ಮಾತಿಲ್ಲ. ಆದರೆ ಒಳಗೆ ಇಬ್ಬರೂ ಕೂತು ಹೊಸ ಸರದ ಚಿತ್ರ ಬರೆಯುತ್ತಿದ್ದಾರೆ, ನಗುತ್ತಿದ್ದಾರೆ. ಈಗ ಕೂಗಿದಳು — ‘ರೀ, ಇಲ್ಬನ್ನಿ, ಕೊಕ್ಕೆ ಹೇಗಿರ್ಬೇಕು ಹೇಳಿ.’

ಕೊಕ್ಕೆ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲೇ —