ಚಿವುಟದೆ ಬಿಟ್ಟ ಮೊಗ್ಗುಗಳು

ಇಚಿನೊಮಿಯಾ
ಏಪ್ರಿಲ್ ೧೨, ೧೯೮೪

ಪ್ರೀತಿಯ ಫುಕಿ ಅಕ್ಕಾ,

ಹೇಗಿದ್ದೀಯಾ? ಭಾವನ ಸೊಂಟನೋವು ಕಡಿಮೆಯಾಯಿತೇ? ಒತಾರುವಿನಲ್ಲಿ ಬಾಗಿಲ ಮುಂದಿನ ಹಿಮ ಇನ್ನೂ ಕರಗಿರಲಿಕ್ಕಿಲ್ಲ, ಕಾಲು ಬೆಚ್ಚಗಿಟ್ಟುಕೋ. ಇಲ್ಲಿ ನಾನೂ ಅಮ್ಮನೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಪೆನ್ನು ಒಪ್ಪುತ್ತಿಲ್ಲ. ಭಾನುವಾರದಿಂದ ನನಗೆ ಊಟ ಸೇರುತ್ತಿಲ್ಲ. ಫೋನ್ ಮಾಡೋಣವೆಂದರೆ ಅದಿರುವುದು ಅಡುಗೆಮನೆಯಲ್ಲಿ, ಅಮ್ಮನ ಕಿವಿಯೂ ಅಲ್ಲೇ ಇರುತ್ತದೆ. ಅದಕ್ಕೇ ಈ ಪತ್ರ.

ಈ ಸಲ ನಮ್ಮ ಕೇರಿಯವರ ಹೂ ನೋಡುವ ಊಟ ಎಲ್ಲಾಯಿತು ಗೊತ್ತೇ? ನಮ್ಮ ಮೇಲಿನ ಪೀಚ್ ತೋಟದಲ್ಲಿ. ಕರೆದವಳು ಅಮ್ಮ. ನಿನಗೆ ಹತ್ತು ವರ್ಷವಾಗಿದ್ದಾಗ, ಒಂದೇ ಒಂದು ಮರದ ಮೊಗ್ಗು ಚಿವುಟದೆ ಬಿಡಮ್ಮ, ಅದರ ಕೆಳಗೆ ಕೂತು ಊಟ ಮಾಡೋಣ ಎಂದು ನೀನು ಗೋಗರೆದಿದ್ದೆಯಲ್ಲ, "ಹೂ ನೋಡಿದ್ರೆ ಹೊಟ್ಟೆ ತುಂಬುತ್ತಾ? ಹಣ್ಣು ದಪ್ಪ ಆಗ್ಬೇಕಂದ್ರೆ ಹತ್ತು ಮೊಗ್ಗಲ್ಲಿ ಎರಡು ಸಾಕು, ಮಿಕ್ಕಿದ್ದು ಕಸ" ಎಂದು ಬೈದು, ನೀನು ಕದ್ದು ಉಳಿಸಿದ್ದ ಕೊಂಬೆಯನ್ನು ನಿನ್ನ ಕೈಯಿಂದಲೇ ಚಿವುಟಿಸಿದ ಅದೇ ಅಮ್ಮ. ಅಪ್ಪ ತೀರಿಕೊಂಡು ವರ್ಷ ತುಂಬಿದ ದಿನ ನಿಮ್ಮಿಬ್ಬರ ಮಾತು ಬೆಳೆದಾಗ ಆ ಕೊಂಬೆಯ ವಿಷಯವನ್ನೂ ನೀನು ಎತ್ತಿದ್ದೆ. ಅಂದು ಹೋದವಳು ಆರು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ.

ಮಾರ್ಚಿನಲ್ಲಿ ಮೊಗ್ಗು ಚಿವುಟುವ ಕೆಲಸ ಶುರುವಾದಾಗ, ಅಮ್ಮ ಕೆಳಗಿನ ತೋಟವನ್ನೆಲ್ಲ ನನ್ನ ಹೆಗಲಿಗೆ ಹಾಕಿ, ದಿಬ್ಬದಾಚೆಯ ಮೇಲಿನ ತೋಟ ನನಗೆ ಬಿಡು, ನೀನು ಅತ್ತ ಬರಲೇಬೇಡ ಎಂದಿದ್ದಳು. ದಿನಾ ಬುತ್ತಿ ಕಟ್ಟಿಕೊಂಡು, ಏಣಿ ಹೊತ್ತುಕೊಂಡು ಹೋಗುತ್ತಿದ್ದಳು. ನಾನೊಬ್ಬ ಪೆದ್ದ, ನಂಬಿದೆ. ಭಾನುವಾರ ಎಲ್ಲರೂ ದಿಬ್ಬ ಹತ್ತಿ ನೋಡಿದರೆ ನಲವತ್ತು ಮರಗಳಲ್ಲಿ ಒಂದೇ ಒಂದು ಮೊಗ್ಗೂ ಚಿವುಟಿಲ್ಲ. ಕೊಂಬೆಯ ತೊಗಟೆಯೇ ಕಾಣದಷ್ಟು ಹೂ. ಕೋಫು ಪಟ್ಟಣದಿಂದ ಬಂದಿದ್ದ ಯಾರದೋ ನೆಂಟರು ಚಪ್ಪಾಳೆ ತಟ್ಟಿ ಕ್ಯಾಮೆರಾ ತೆಗೆದರು. ನಮ್ಮ ಕೇರಿಯವರು ಮಾತ್ರ ಗರಬಡಿದವರಂತೆ ನಿಂತುಬಿಟ್ಟರು. ಇಂಥ ಹೂ ನಾವು ನೋಡಿರುವುದು ಯಜಮಾನ ಸತ್ತ ತೋಟದಲ್ಲಿ, ಇಲ್ಲವೇ ಕೈಬಿಟ್ಟ ತೋಟದಲ್ಲಿ ತಾನೇ? ಪಕ್ಕದ ಮನೆಯ ಅಮೆಮಿಯಾ ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ತೋಟ ಮಾರ್ಬಿಟ್ರೇನೋ ಇಸಾಮು?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅಮ್ಮನಿಗೆ ತಲೆ ಕೆಟ್ಟಿದೆ ಎಂದೇ ಅಂದುಕೊಂಡೆ. ಅವಳೋ ನೀಲಿ ಟಾರ್ಪಾಲಿನ ಮೇಲೆ ಮದುಮಗಳಂತೆ ಕೂತು, "ಏನು, ಹೆಣ ನೋಡಿದೋರ ಥರ ನಿಂತಿದ್ದೀರಾ? ಕೂತ್ಕೊಳ್ಳಿ, ಕುಡಿಯೋಕೆ ಕಾಯಿಸಿದ ಸಾಕೆ ಆರಿಹೋಗುತ್ತೆ" ಎಂದಳು.

ಕೂತರು. ತೋಫು ಚೀಲದಲ್ಲಿ ತುಂಬಿದ ಸಿಹಿ ಅನ್ನ ಐವತ್ತು ಮಾಡಿದ್ದಳು, ಒಂದೂ ಉಳಿಯಲಿಲ್ಲ. ಬರೀ ಹೂ ಬಿಡುವ ತಮ್ಮ ಚೆರ್ರಿ ಮರವನ್ನು ಅಮ್ಮ ಇಷ್ಟು ವರ್ಷ ಸೋಮಾರಿ ಮರ ಎಂದು ಹಂಗಿಸಿದ್ದಕ್ಕೆ ಅಮೆಮಿಯಾ ಮಾಮ ಅವಳನ್ನು ಚೆನ್ನಾಗಿ ರೇಗಿಸಿದರು. ಅಷ್ಟರಲ್ಲಿ ಅಮ್ಮ ಅವರಿಗೆ ಸಾಕೆ ಬಗ್ಗಿಸಿದಳು, ಅದು ಬಟ್ಟಲಿಗೆ ಬೀಳದೆ ಅವರ ಮೊಣಕಾಲಿನ ಮೇಲೆ ಬಿತ್ತು. ಅಮ್ಮನಿಗೆ ಏರಿಬಿಟ್ಟಿದೆ ಎಂದು ಎಲ್ಲರೂ ನಕ್ಕರು. ಅಕ್ಕಾ, ಅವಳು ಒಂದು ಹನಿಯನ್ನೂ ಕುಡಿದಿರಲಿಲ್ಲ. ಎರಡನೆಯ ಸಲ ಬಗ್ಗಿಸುವಾಗ ಎಡಗೈ ಬೆರಳಿನಿಂದ ಬಟ್ಟಲಿನ ಅಂಚನ್ನು ತಡಕುತ್ತಿದ್ದಳು.

ಎಲ್ಲರೂ ಹೋದ ಮೇಲೆ ಟಾರ್ಪಾಲು ಮಡಚುತ್ತಾ ಕೇಳಿದೆ. ಹೋದ ಶರತ್ಕಾಲದಿಂದಲೇ ಅವಳ ಕಣ್ಣಿನ ಅಂಚುಗಳಲ್ಲಿ ಕತ್ತಲಂತೆ. ನಡುವೆ ಮಾತ್ರ ಸಣ್ಣ ಕಿಟಕಿಯಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರುವುದಿಲ್ಲ ಎಂದಿದ್ದಾರೆ ಡಾಕ್ಟರು. ಒಬ್ಬಳೇ ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಬಂದಿದ್ದಾಳೆ, ನನಗೊಂದು ಮಾತು ಹೇಳಿಲ್ಲ. "ಮೊಗ್ಗು ಚಿವುಟೋಕೆ ಕಣ್ಣು ಬೇಡ ಕಣೋ, ಬೆರಳಿಗೇ ಗೊತ್ತು. ಮುಂದಿನ ವರ್ಷ ಕಣ್ಣು ಹೋದ್ರೂ ಚಿವುಟ್ತೀನಿ. ಈ ವರ್ಷ ಒಂದ್ಸಲ ಪೂರ್ತಿ ನೋಡ್ಬೇಕು ಅನ್ನಿಸ್ತು" ಎಂದಳು. ತಿಂಗಳಿಡೀ ಏಣಿ ಹೊತ್ತುಕೊಂಡು ಹೋಗಿ ಸುಮ್ಮನೆ ಕೂತು ಮೊಗ್ಗು ಉಬ್ಬುವುದನ್ನು ನೋಡುತ್ತಿದ್ದಳಂತೆ. ಮೂವತ್ತನಾಲ್ಕು ವರ್ಷದ ಗಂಡಸು ನಾನು, ಟಾರ್ಪಾಲಿನ ತುದಿ ಹಿಡಿದುಕೊಂಡು ಅತ್ತುಬಿಟ್ಟೆ. ಇವತ್ತಿಗೂ ನಂಬಲಾಗುತ್ತಿಲ್ಲ.

ಬೆಳೆಯ ಚಿಂತೆ ಮಾಡಬೇಡ. ಮೇ ತಿಂಗಳಲ್ಲಿ ಹೀಚು ಕಿತ್ತು ಸರಿಮಾಡುತ್ತೇನೆ, ಕೆಲಸ ಮೂರು ಪಟ್ಟಾಗುತ್ತದೆ ಅಷ್ಟೆ. ಭಾವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ಇಸಾಮು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಭಾನುವಾರ ಅಮ್ಮ ತನ್ನ ಪಕ್ಕದಲ್ಲಿ ಒಂದು ಜಾಗ ಹಿಡಿದಿಟ್ಟು, ಯಾರನ್ನೂ ಕೂರಲು ಬಿಡಲಿಲ್ಲ. ಅಲ್ಲಿ ನಿನ್ನ ಶಾಲೆಯ ಕೆಂಪು ಬುತ್ತಿ ಡಬ್ಬಿ ಇಟ್ಟಿದ್ದಳು. ಕೇಳಿದ್ದಕ್ಕೆ, "ಒಂದು ಮರ ಕೇಳಿದ್ಲು, ಕೊಡ್ಲಿಲ್ಲ. ಅವಳಿಗೆ ಇದನ್ನೆಲ್ಲ ಬರೀಬೇಡ" ಎಂದಳು. ಹೂ ಬರುವ ಬುಧವಾರದವರೆಗೆ ನಿಂತೀತು. ಉದುರಿದರೂ ಪರವಾಗಿಲ್ಲ, ಬಾ. ಬಂದಾಗ ಅವಳ ಪಕ್ಕದಲ್ಲಿ ಮಾತ್ರ ಕೂರಬೇಡ ಅಕ್ಕಾ, ಎದುರಿಗೇ ಕೂರು. ಅಲ್ಲಿ ಕೂತರೆ ನಿನ್ನ ಮುಖ ಅವಳಿಗೆ ಇನ್ನೂ ಪೂರ್ತಿ ಕಾಣುತ್ತದೆ.