ಹಳ್ಳದಲ್ಲಿ ಸಿಕ್ಕ ಲಿಂಗ

ಕಾಠ್ಮಂಡು
೨೧ ನವೆಂಬರ್ ೨೦೨೪

ಕಾಶಿನಾಥ ಅವರಿಗೆ ಸುಜಾತಾಳ ಶರಣು.

'ಪ್ರೀತಿಯ' ಎಂದು ಬರೆದು ಹೊಡೆದು ಹಾಕಿದೆ. 'ಮಾನ್ಯರೇ' ಎಂದರೆ ನಿಮ್ಮ ಗೊಬ್ಬರದ ಅಂಗಡಿಗೆ ತಕರಾರು ಅರ್ಜಿ ಬರೆದಂತೆ ಆಗುತ್ತದೆ. ಅದಕ್ಕೇ ಬರೀ ಶರಣು. ಮೊದಲ ಮಾತು, ನಿಮ್ಮ ತಾಯಿ ಆರಾಮ ಇದ್ದಾರೆ. ಇದನ್ನು ಎರಡು ಸಲ ಓದಿಕೊಂಡೇ ಮುಂದಕ್ಕೆ ಹೋಗಿ, ಯಾಕೆಂದರೆ ಮುಂದಿನದು ನಿಮಗೆ ಸೇರುವುದಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ನೀವು ಎರಡನೇ ಮಾತಿಗೆ ಬೈಯುತ್ತೀರಿ, ನಾನು ಮೂರನೇ ಮಾತಿಗೆ ಕಟ್ ಮಾಡುತ್ತೇನೆ. ಅಲ್ಲದೆ ಅತ್ತೆ ಬಾಜೂ ಮಂಚದಲ್ಲೇ ಮಲಗಿದ್ದಾರೆ, ಅವರ ಕಿವಿ ಎಂಥದ್ದೆಂದು ನಿಮಗೆ ಗೊತ್ತು. ನಮ್ಮನ್ನು ಯಾತ್ರೆಗೆ ಕರೆತಂದ ಹತ್ತರಗಿಯ ಬಾಳೇಶ ಇವತ್ತು ಸಂಜೆ ಬಸ್ಸನ್ನು ಊರಿಗೆ ಹೊರಡಿಸುತ್ತಾನೆ. ಈ ಪತ್ರ ಅವನ ಕೈಯಲ್ಲಿ ಬರುತ್ತದೆ.

ನಾವು ಆ ಬಸ್ಸಿನಲ್ಲಿ ಇಲ್ಲಿಗೆ ಬಂದದ್ದು ಖರೆ. ಆದರೆ ಬಸ್ಸಿನವರು ಗುಡಿಗಳ ದರ್ಶನಕ್ಕೆ ಹೋದಾಗ ನಾವಿಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಉತ್ತರದ ಹಿಮದ ಬೆಟ್ಟಗಳಿಗೆ ನಡೆದೆವು. ನಿಮಗೆ ದಿನಕ್ಕೊಂದರಂತೆ ಕಳಿಸಿದ ಫೋಟೋಗಳೆಲ್ಲ ಮೊದಲ ದಿನವೇ ತೆಗೆದಿಟ್ಟವು.

ಸೊಸೆ ಅತ್ತೆಯ ತಲೆ ಕೆಡಿಸಿದಳು ಎಂದು ನೀವು ಈಗಾಗಲೇ ಅಂದಿರುತ್ತೀರಿ. ಅಲ್ಲ. ಮೂಡಲಗಿಯ ಅಂಗನವಾಡಿಯಿಂದ ನಿವೃತ್ತರಾದ ಮೇಲೆ ಹಿಮದ ಬೆಟ್ಟ ನೋಡಬೇಕೆಂದು ಅವರು ಮೊದಲು ಕೇಳಿದ್ದು ನಿಮ್ಮನ್ನೇ. ನೀವು "ಮೊದಲ ಮೊಣಕಾಲ ನೋಡ್ಕೋ" ಎಂದು ನಕ್ಕಿರಿ. ನಾನು ನಿಮ್ಮ ಹುಕ್ಕೇರಿಯ ಮನೆ ಬಿಟ್ಟು ಗೋಕಾಕದಲ್ಲಿ ನಾನು ಕಲಿಸುವ ಸಾಲೆಯ ಹತ್ತಿರ ಕೋಣೆ ಹಿಡಿದ ಮೇಲೆ ನಿಮ್ಮ ಕಡೆಯವರು ಯಾರೂ ನನ್ನ ಮೆಟ್ಟಿಲು ಹತ್ತಿರಲಿಲ್ಲ. ಅತ್ತೆ ಹತ್ತಿದರು. ಕೂತು ಉಸಿರು ಬಿಟ್ಟು ಹೇಳಿದರು, "ನನ್ನ ಮಗಾ ನೌಕರಿ ಬಿಡು ಅಂತ ನಿನ್ನ ಮನ್ಯಾಗ ಕುಂದರಸಾಕ ನೋಡಿದಾ. ಈಗ ನನ್ನೂ ಕುಂದರಸಾಕ ನೋಡಾಕತ್ತಾನ. ಕಾಲ ಗಟ್ಟಿ ಅದಾವ, ಬಾ, ಒಂದ ಸಲ ಏರಿ ಬರೂಣು."

ಹೇಗೆ ಏರಿದರು ಗೊತ್ತೇ! ಇಳಕಲ್ ಸೀರೆಯ ಮೇಲೆ ನಿಮ್ಮ ಹಳೆಯ ಜರ್ಕಿನ್, ಕಾಲಿಗೆ ಕ್ಯಾನ್ವಾಸ್ ಬೂಟು. ಎದುರು ಬಂದ ಪರದೇಶದವರಿಗೆಲ್ಲ ಕರದಂಟು ಕೊಡುವುದು, ಅವರ ಜೊತೆ ನಮ್ಮ ಕನ್ನಡದಲ್ಲೇ ಹರಟುವುದು. ನನ್ನ ಕಾಲಿನ ಉಗುರು ಕಪ್ಪಾಗಿ ನಾನು ಕುಂಟುತ್ತಿದ್ದರೆ ಅವರು ಮುಂದೆ ನಿಂತು, "ಬಾರವಾ, ಸಾಲಿ ಹುಡುಗೂರಗತೆ ಮಾಡಬ್ಯಾಡ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಕೂತು ಖಡಕ್ ರೊಟ್ಟಿ ಚಹಾದಲ್ಲಿ ಅದ್ದಿಕೊಂಡು ತಿಂದೆವು. ನಿಮಗೆ ಸಿಟ್ಟು ಬರಲಿ, ನಾನು ಹೇಳಿಯೇ ಬಿಡುತ್ತೇನೆ: ನಿಮ್ಮ ಮನೆಯಲ್ಲಿ ಒಂದು ದಿನವೂ ನಾನು ಅಷ್ಟು ಸುಖವಾಗಿ ಕೂತಿರಲಿಲ್ಲ.

ತೊಂದರೆ ಒಂದೇ ಇತ್ತು. ಜಳಕ ಮಾಡಿ, ಕೊರಳಲ್ಲಿ ಕಟ್ಟಿಕೊಂಡ ಲಿಂಗಕ್ಕೆ ನೀರೆರೆಯದೆ ಅತ್ತೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವವರಲ್ಲ. ಕೆಳಗಿನ ಊರುಗಳಲ್ಲಿ ಬಿಸಿನೀರು ಸಿಗುತ್ತಿತ್ತು. ಮೇಲೇರಿದಂತೆ ಕಟ್ಟಿಗೆ ಕಡಿಮೆ. ಹಸಿ ಬಟ್ಟೆಯಿಂದ ಮೈ ಒರೆಸಿಕೊಳ್ಳಿ ಎಂದು ಗೋಗರೆದೆ. "ಮೈ ತೊಳೀಲಾರದ ಲಿಂಗಾ ಮುಟ್ಟಲ್ಯಾ?" ಎಂದು ನನ್ನನ್ನೇ ಗದರಿಸಿದರು. ಕೊನೆಯ ಊರಿನಲ್ಲಿ ಬೆಳಿಗ್ಗೆ ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ನಾನು ಕಣ್ಣು ಬಿಡುವಷ್ಟರಲ್ಲಿ ಅವರು ಚೊಂಬು ಹಿಡಿದು ಹಳ್ಳಕ್ಕೆ ಇಳಿದಿದ್ದರು.

ನಾನು ಓಡಿ ಮುಟ್ಟುವ ಹೊತ್ತಿಗೆ ಆ ಹಿಮದ ನೀರನ್ನು ಮೈಮೇಲೆ ಸುರಿದುಕೊಂಡು, ಸೀರೆ ಸುತ್ತಿಕೊಂಡು, ಹಣೆಗೆ ಇಬತ್ತಿ ಹಚ್ಚಿಕೊಂಡಿದ್ದರು. ಲಿಂಗವನ್ನು ವಸ್ತ್ರದಿಂದ ಬಿಚ್ಚಿ ಎಡಗೈಯಲ್ಲಿಟ್ಟುಕೊಂಡು ನೀರೆರೆದರು. ಕೈಗೆ ಸ್ಪರ್ಶವೇ ಇರಲಿಲ್ಲ. ಲಿಂಗ ಜಾರಿ ಹರಿಯುವ ನೀರಿಗೆ ಬಿದ್ದದ್ದು ನನಗೆ ಕಂಡಿತು, ಅವರಿಗೆ ತಿಳಿಯಲೇ ಇಲ್ಲ. ಬರಿಯ ಅಂಗೈಯನ್ನು ಇನ್ನೂ ಭಕ್ತಿಯಿಂದ ನೋಡುತ್ತಿದ್ದರು.

ಆಮೇಲೆ "ಹೋತವಾ" ಎಂದು ಕೂತವರು ಏಳಲಿಲ್ಲ. ತಂಗಿದ್ದ ಮನೆಯ ಒಡತಿಯೂ ನಾನೂ ಎತ್ತಿಕೊಂಡು ಬಂದು ಒಲೆಯ ಮುಂದೆ ಕೂಡಿಸಿದೆವು. ನೀರು ಬೇಡ, ಚಹಾ ಬೇಡ. ಕುದುರೆ ತರಿಸಿ ಕೆಳಗೆ ಹೋಗೋಣವೆಂದರೆ, ಲಿಂಗ ಇಲ್ಲಿ ಬಿಟ್ಟು ಹೆಜ್ಜೆ ಕೀಳುವುದಿಲ್ಲವೆಂದರು. "ಅತ್ತಿ, ಊರಿಗೆ ಹೋಗಿ ಸ್ವಾಮಿಗಳ ಕಡೆಯಿಂದ ಹೊಸಾದ ತಗೊಳ್ಳೂಣ್ರಿ" ಎಂದು ಕಾಲು ಹಿಡಿದೆ. "ಅಲ್ಲೀತನಾ ನಾ ಯಾವ ಬಾಯಿಲೆ ನೀರ ಕುಡೀಲಿ?" ಎಂದರು. ಅಷ್ಟು ಎತ್ತರದಲ್ಲಿ ನೀರು ಬಿಟ್ಟವರ ತಲೆ ಕೆಡುತ್ತದೆ, ಜೀವಕ್ಕೇ ಬರುತ್ತದೆ ಎಂದು ಆ ಒಡತಿ ಹರಕು ಹಿಂದಿಯಲ್ಲಿ ಹೇಳಿದಳು.

ನಾನು ಹಳ್ಳಕ್ಕೆ ಇಳಿದು ಹುಡುಕಿದೆ. ಅಲ್ಲಿಯ ಕಲ್ಲುಗಳೆಲ್ಲ ಕರಿಯವೇ. ಬಂದು ಒಲೆಗೆ ಕೈ ಕಾಸಿ ಮತ್ತೆ ಹೋದೆ. ಇನ್ನೊಂದು ಸಲ ಹೋದಾಗ ಸೊಂಟದ ಮಟ ಇಳಿದೆ, ಕಾಲು ಕಿತ್ತು ನೀರು ಎಳೆಯಿತು. ಒಡತಿ ನನ್ನ ಜಡೆ ಹಿಡಿದು ಎಳೆದು ಹಾಕದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ನಡುಗುತ್ತ ಒಳಗೆ ಬಂದರೆ ಅತ್ತೆ ನನ್ನನ್ನು ನೋಡಿ, "ಕಾಡವ್ವಾ, ಎಮ್ಮಿ ಹಿಂಡಿದ್ಯಾ?" ಎಂದರು. ಕಾಡವ್ವ, ಎಂದೋ ತೀರಿಹೋದ ನಿಮ್ಮ ಸೋದರತ್ತೆ. ಒಡತಿ ಹೇಳಿದಂತೆ ತಲೆ ಕೆಡಲು ಸುರುವಾಗಿತ್ತು.

ಆಗ ನನ್ನ ಲಿಂಗದ ನೆನಪಾಯಿತು. ನಿಮ್ಮ ಮನೆ ಬಿಟ್ಟಾಗಿನಿಂದ ನಾನು ಕಟ್ಟಿಕೊಳ್ಳುವುದನ್ನು ಬಿಟ್ಟಿದ್ದೆ. ನಾವು ಯಾತ್ರೆಗೆ ಹೊರಡುವ ದಿನ ಅಂಕಲಗಿಯ ನಮ್ಮ ಅವ್ವ ಅದನ್ನು ಅರಿವೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಿದ್ದಳು. ನಾನು ಬೇಡವೆಂದು ಜಗಳವಾಡಿದ್ದೆ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಕಿಟಕಿಯಿಂದ ಅವರಿಗೆ ಕಾಣುವ ಹಾಗೆ ಹಳ್ಳದ ದಂಡೆಗೆ ಹೋದೆ, ಬಗ್ಗಿದೆ, "ಸಿಕ್ಕತ್ರೀ ಅತ್ತಿ, ಸಿಕ್ಕತು!" ಎಂದು ಕೂಗುತ್ತ ಓಡಿಬಂದೆ.

ಎಲ್ಲ ಲಿಂಗಕ್ಕೂ ಮೇಲೆ ಅದೇ ಕರಿಯ ಕಂತಿಯ ಲೇಪ, ಅದೇ ಗಾತ್ರ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ತೊಯ್ದ ಅರಿವೆಯಲ್ಲೇ ಎದುರು ನಿಂತಿದ್ದೆ. ಆಮೇಲೆ ನನ್ನ ಮುಖ ನೋಡಿ, "ನೀರ ತಾರವಾ" ಎಂದರು. ಲಿಂಗಕ್ಕೆ ಎರೆದರು, ತೀರ್ಥ ತೆಗೆದುಕೊಂಡರು, ಚೊಂಬು ಪೂರ್ತಿ ಕುಡಿದರು. ನಾನು ಹೊರಗೆ ಹೋಗಿ ಗೋಡೆಗೆ ಆತುಕೊಂಡು ಅತ್ತುಬಿಟ್ಟೆ. ಮರುದಿನ ಕುದುರೆಯ ಮೇಲೆ ಕೂಡಿಸಿ ಇಳಿಸಿಕೊಂಡು ಬಂದೆ.

ಈಗ ಬರೀ ಕೆಮ್ಮು ಇದೆ. ಇಲ್ಲಿಯ ಡಾಕ್ಟರು ಕೆಲವು ದಿನ ವಿಶ್ರಾಂತಿ ಬೇಕೆಂದಿದ್ದಾರೆ, ಅದಕ್ಕೇ ಬಸ್ಸಿನಲ್ಲಿ ಬರುತ್ತಿಲ್ಲ. ಆದರೆ ಬಸ್ಸಿನವರಿಗೆಲ್ಲ, "ನನ್ನ ಸೊಸಿ ಹಳ್ಳದಾಗಿಂದ ಲಿಂಗಾ ಹುಡುಕಿ ತಂದ್ಲು" ಎಂದು ಹೇಳಿ ಮುಗಿಸಿದ್ದಾರೆ. ಮುದುಕಿಯರು ನನಗೆ ಕೈಮುಗಿಯುತ್ತಾರೆ. ಊರಿಗೆ ಬಂದ ಮೇಲೆ ಮಠದಲ್ಲಿ ಸ್ವಾಮಿಗಳ ಮುಂದೆಯೂ ಹೇಳುತ್ತಾರಂತೆ. ದಿನಾ ಬೆಳಿಗ್ಗೆ ನಾನು ಬೇಡವೆಂದ ಲಿಂಗವನ್ನು ಅವರು ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿದರೆ ನನಗೆ ಅನ್ನ ಇಳಿಯುವುದಿಲ್ಲ.

ನಿಮ್ಮನ್ನು ನಾನು ಯಾವುದನ್ನೂ ಕೇಳಿದವಳಲ್ಲ, ಇದೊಂದನ್ನು ಕೇಳುತ್ತೇನೆ. ಹೇಳಲೋ ಬೇಡವೋ? ಹೇಳಿದರೆ ಅಂದಿನಿಂದ ಕುಡಿದ ಒಂದೊಂದು ಗುಟುಕೂ ಪಾಪ ಎಂದುಕೊಂಡು ಮತ್ತೆ ನೀರು ಬಿಟ್ಟಾರು. ಹೇಳದಿದ್ದರೆ ಬದುಕಿರುವ ತನಕ ಇನ್ನೊಬ್ಬರ ಲಿಂಗ ಪೂಜಿಸುತ್ತಾರೆ, ಕಡೆಗೆ ಮಣ್ಣಿಗಿಡುವಾಗ ನಾವು ಅವರ ಕೈಯಲ್ಲಿ ಇಡುವುದೂ ಅದನ್ನೇ. ನೀವು ಹೊಟ್ಟೆಯಲ್ಲಿ ಹುಟ್ಟಿದ ಮಗ. ಬೈದಾದ ಮೇಲೆ ವಿಚಾರ ಮಾಡಿ ತಿಳಿಸಿ.

ಇನ್ನು ಆ ಕಣಿವೆಯ ಕಡೆ ತಲೆಯೂ ಹಾಕಬಾರದು ಅನ್ನಿಸುತ್ತದೆ. ನಾಳೆಯೇ ಮತ್ತೆ ಹೋಗೋಣ ಎಂದೂ ಅನ್ನಿಸುತ್ತದೆ. ಚೀಲ ಕಟ್ಟಿಟ್ಟಿದ್ದೇನೆ. ಅದನ್ನು ಗೋಕಾಕದಲ್ಲಿ ಇಳಿಸಬೇಕೋ ಹುಕ್ಕೇರಿಯಲ್ಲೋ, ನನಗೇ ತಿಳಿದಿಲ್ಲ.

ಔಷಧಿ ತರಲು ಹೋಗಬೇಕು. ಪತ್ರ ಅಂಟಿಸಿ, ಬಾಳೇಶನಿಗೆ ಕೊಡಿ ಎಂದು ಅತ್ತೆಯ ಕೈಗೇ ಕೊಡುತ್ತೇನೆ. ಇನ್ನೊಬ್ಬರ ಪತ್ರ ಒಡೆಯುವ ಪೈಕಿ ಅವರಲ್ಲ.

ಇನ್ನೂ ನಿಮ್ಮ ಮನೆಯ ಅಡ್ಡಹೆಸರನ್ನೇ ಬರೆಯುತ್ತಿರುವ,
ಸುಜಾತಾ

ತಾ.ಕ. ಕಾಶ್ಯಾ, ಇದನ್ನ ನಿಮ್ಮವ್ವ ಚನ್ನವ್ವ ಬರಿಯಾಕತ್ತೇನಿ. ಪತ್ರಾ ಕೊಡುವಾಗ ಈ ಹುಡುಗಿ ಮಸಡಿ ನೋಡಿ ತಡಿಯಾಕ ಆಗಲಿಲ್ಲ. ಗೋಂದ ಇನ್ನಾ ಹಸಿ ಇತ್ತ, ಬಿಚ್ಚಿದೆ.

ಆ ಲಿಂಗಾ ನಂದಲ್ಲ ಅಂತ ಅಂಗೈಯಾಗ ಇಟ್ಟಕೂಡ್ಲೆ ಗೊತ್ತಾತು. ತಲಿ ತಿರಗತಿತ್ತು ಖರೆ, ಆದ್ರ ಸಣ್ಣಾಕಿ ಇದ್ದಾಗಿಂದ ಹಿಡಿದದ್ದರ ವಜನ ಕೈ ಮರೀತೈತೇನ? ಮ್ಯಾಲ ನೋಡಿದ್ರ ಈಕಿ ತೊಯ್ಸಕೊಂಡ ನಿಂತಾಳ, ತುಟಿ ನೀಲಿ ಆಗ್ಯಾವು. ನಂದಲ್ಲ ಅಂದಿದ್ರ ಮತ್ತ ಆ ಹಳ್ಳಕ್ಕ ಇಳೀತಿದ್ಲು. ಈ ಸಲ ನೀರು ಆಕೀನ್ನ ತಿರುಗಿ ಕೊಡತಿರಲಿಲ್ಲ. ಅದಕ್ಕ ಕುಡದೆ. ಲಿಂಗಾ ಹೋದ್ರ ಸ್ವಾಮಿಗೋಳು ಇನ್ನೊಂದ ಕೊಡತಾರ. ಈಕಿ ಹೋಗಿದ್ರ ಯಾರ ಕೊಡತಿದ್ರು?

ನನಗ ಗೊತ್ತೈತಿ ಅಂತ ಆಕಿಗೆ ಹೇಳಬ್ಯಾಡ. ಮಠದಾಗ ನಾನ ಹೇಳತೇನಿ. ಆಕಿ ಲಿಂಗಾ ನಾನ ಬಿಚ್ಚಿ ಆಕಿ ಕೈಯಾಗ ಕೊಡತೇನಿ, ಕಟ್ಟಿಕೊಳ್ಳೂದು ಬಿಡೂದು ಆಕಿಗೆ ಬಿಟ್ಟದ್ದು.

ನಾವು ಬರೂ ದಿನಾ ಹತ್ತರಗಿ ಹೈವೇಕ ಗಾಡಿ ತಗೊಂಡ ಬಂದ ನಿಂದರು. ಎಲ್ಲಿಗೆ ಬಿಡಲಿ ಅಂತ ಆಕೀನ್ನ ಕೇಳು. ಗೋಕಾಕ ಅಂದ್ರ ಬಾಯಿ ಮುಚ್ಚಕೊಂಡು ಗೋಕಾಕಕ್ಕ ಬಿಡು. ಆಕಿ ಚೀಲಾ ನೀ ಹೊತಗೋ, ಭಾಳ ವಜ್ಜ ಐತಿ. ನಂದು ನಾ ಹೊರತೇನಿ.