ಸುಣ್ಣಕಲ್ಲು ಬಿಟ್ಟ ಉಸಿರು

ಪೂಜ್ಯ ಮೇಷ್ಟ್ರಿಗೆ,

ಶಸ್ತ್ರಚಿಕಿತ್ಸೆಯಾದ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ನೀವು ಏನೂ ಓದಬಾರದಂತೆ. ಈ ಪತ್ರವನ್ನು ಅಮ್ಮನವರೇ ಓದಿ ಹೇಳಲಿ.

ಬೆಟ್ಟ ಸವೆಯುತ್ತಾ ಗಾಳಿಯ ಇಂಗಾಲವನ್ನು ಹೀರಿ ಭೂಮಿಯನ್ನು ತಂಪಾಗಿಸಿತು ಎಂದು ಮೂವತ್ತು ವರ್ಷ ಪಾಠ ಹೇಳಿದಿರಿ. ಆ ಬೆಟ್ಟದಿಂದ ನೀವು ಹೊತ್ತು ತಂದ ಕಲ್ಲುಗಳಲ್ಲೇ ಇಂಗಾಲದ ಲೆಕ್ಕ ಅಳೆದೆ. ಅದೇ ಬೆಟ್ಟದ ಆಳದಲ್ಲಿ ಸುಣ್ಣಕಲ್ಲು ಬೆಂದು ರೂಪಾಂತರಗೊಳ್ಳುವಾಗ, ಹೀರಿದ್ದಕ್ಕಿಂತ ಹೆಚ್ಚು ಇಂಗಾಲ ಹೊರಬಿದ್ದಿದೆ. ನಾಲ್ಕು ಸಲ ಅಳೆದರೂ ಅದೇ ಉತ್ತರ ಬಂತು.

"ನನ್ನ ಮುಖ ನೋಡ್ಬೇಡ ಕಣಮ್ಮ, ಕಲ್ಲಿನ ಮುಖ ನೋಡು" ಎಂದು ರೇಗುತ್ತಿದ್ದಿರಿ. ನೋಡಿದೆ. ಆದರೂ ನಿಮ್ಮ ಮುಖವೇ ಕಣ್ಣಿಗೆ ಕಟ್ಟುತ್ತಿದೆ.

ಇದನ್ನೆಲ್ಲ ಬರೆದ ಪ್ರಬಂಧದಲ್ಲಿ ನಿಮ್ಮ ಹೆಸರನ್ನೇ ಮೊದಲು ಹಾಕಿದ್ದೇನೆ, ಬೇಡವೆಂದರೆ ತೆಗೆಯುತ್ತೇನೆ. ಭಾನುವಾರ ಬಂದು ಓದಿ ಹೇಳುತ್ತೇನೆ. ನಿಮ್ಮ ಲೆಕ್ಕ ತಪ್ಪೆನ್ನುವ ಪುಟದಲ್ಲಿ ನನ್ನ ದನಿ ತಡವರಿಸಿದರೆ, ದಯವಿಟ್ಟು ಗದರಿಸಿ ಮುಂದೆ ಓದಿಸಿ.

ನಿಮ್ಮ ವಿದ್ಯಾರ್ಥಿನಿ